ಗಂಟಿಗೆ ಮುಹೂರ್ತ ಇಡೋರು ಯಾರು?

ಕಾಲಿನ ಹೆಬ್ಬೆರಳ ಬುಡದಾಗೆ ಏಳೋ ಗಂಟಿಗೆ ಡಾಕ್ಟ್ರು ಬನಿಯನ್ ಅಂತಾರೆ. ಅಂಗಿ ಒಳಗೆ ಹಾಕೋ ಬನೀನು ಅಲ್ಲ ಮತ್ತೆ! ಹೆಬ್ಬೆರಳು ಪಕ್ಕದ ಬೆರಳ ಕಡೆ ವಾಲಿ, ಕಾಲುಂಗುರ ಒತ್ತಿ ಕೆಂಪಾಗ್ತೈತೆ.

ನಮ್ಮ ಶಿಕಾರಿಪುರ, ಸೊರಬದ ಕಡೆ ಇದರ ಆಪರೇಷನ್ ಯಾವಾಗ ಅಂತ ಗೊತ್ತು ಮಾಡೋದು ಯಾರು ಹೇಳ್ರಿ? ಅಡಿಕೆ ಸುಗ್ಗಿ, ಮಗಳ ಮದುವೆ, ಸೊಸೆ ಬಾಣಂತನ. ನೋಯೋ ಕಾಲಿನ ಮಾತು ಕೇಳೋರೇ ಇಲ್ಲ. "ಸುಲಿಯೋದು ಮುಗೀಲಿ, ಆಮೇಲೆ ನೋಡಣ" ಅಂತಾರೆ. ಮೆಟ್ಟುಗತ್ತಿ ಮಣೆ ಮೆಟ್ಟಿ ಹಿಡಿಯೋದೂ ಅದೇ ಕಾಲಲ್ವಾ?

ಹಂಗಂತ ಫೋಟೋದಾಗೆ ಕಾಲು ಚಂದ ಕಾಣ್ಲಿ ಅಂತ ಕೊಯ್ಸಿಕೊಳ್ಳೋದೂ ತಪ್ಪು. ಮೂಳೆ ಕತ್ತರಿಸಿ ಕೂರಿಸೋ ಕೆಲಸ ಅದು, ಮತ್ತೆ ವಾಲೋದೂ ಉಂಟು. ನೋವಿಲ್ದಿದ್ರೆ ಬೇಡ. ಮೊದಲು ಮುಂದ್ಗಡೆ ಅಗಲ ಇರೋ ಮೆತ್ತನೆ ಚಪ್ಪಲಿ ಹಾಕಿ. ಅದು ಬೆರಳು ನೆಟ್ಟಗೆ ಮಾಡಲ್ಲ, ನೋವು ಕಡಿಮೆ ಮಾಡಬಹುದು. ಅಷ್ಟಾದ್ರೂ ನಡೆಯೋಕೆ, ನಿಂತು ಅಡಿಗೆ ಮಾಡೋಕೆ ಆಗ್ದಿದ್ರೆ ಮೂಳೆ ಡಾಕ್ಟ್ರಿಗೆ ತೋರಿಸಿ, ಎಕ್ಸ್‌ರೇ ತೆಗೆಸಿ. ಸಕ್ಕರೆ ಕಾಯಿಲೆ ಇದ್ರೆ ಮೊದ್ಲೇ ಹೇಳಿ.

ಆಪರೇಷನ್ ಆದ್ಮೇಲೆ ಸುಮಾರು 6 ವಾರ ಕಾಲು ಜೋಪಾನ ಮಾಡಬೇಕು, ಬಾವು ಪೂರಾ ಇಳಿಯೋಕೆ ತಿಂಗಳುಗಳೇ ಹಿಡೀತೈತೆ. ಆ 6 ವಾರ ಒಲೆ, ಕೊಟ್ಟಿಗೆ ಯಾರು ನೋಡ್ತಾರೆ? ಮನೆಯವರು ಕೂತು ಮಾತಾಡಬೇಕಾದ್ದು ಇದನ್ನ. ಮಳೆಗಾಲದ ಪಾಚಿ ಅಂಗಳದಾಗೆ ಕೋಲೂರಿ ನಡೆಯೋದು ಕಷ್ಟ, ಅದಕ್ಕೆ ಎರಡು ತಿಂಗಳು ತಡೆದ್ರೆ ಒಪ್ಪೋಣ. ಸುಗ್ಗಿ ನೆಪದಾಗೆ ವರ್ಷಗಟ್ಟಲೆ ತಳ್ಳೋದನ್ನ ಒಪ್ಪಬಾರ್ದು. ಸುಗ್ಗಿ ವರ್ಷವೂ ಬರ್ತೈತೆ, ಸುಲಿಯೋಕೆ ಆಳು ಕರೀಬಹುದು.