ಮಗನ ನಿದ್ದೆಗಿರುವ ಬೆಲೆ ಮಗಳ ನಿದ್ದೆಗೆ ಯಾಕಿಲ್ಲ?

ಕಳೆದ ವರ್ಷ ಒಂದು ಸಂಜೆ, ಮಗ್ರಿಬ್ ಬಾಂಗ್ ಆಗುವ ಹೊತ್ತಿಗೆ ಮಗಳ ಫೋನ್ ಬಂತು. "ಉಮ್ಮಾ, ನಾನು ಕಾಸರಗೋಡಿನಲ್ಲಿದ್ದೇನೆ" ಎಂದಳು. ಮಂಗಳೂರಿನ ಕಾಲೇಜಿನಿಂದ ಬರುವ ಅವಳು ಇಳಿಯಬೇಕಾದದ್ದು ಉಪ್ಪಳದಲ್ಲಿ. ಅಂದು ಅಪರೂಪಕ್ಕೆ ರೈಲಿನಲ್ಲಿ ಕೂರಲು ಸೀಟು ಸಿಕ್ಕಿತ್ತಂತೆ. ಮಂಜೇಶ್ವರ ಬರುವ ಮೊದಲೇ ಕಣ್ಣು ಮುಚ್ಚಿದೆ. ಉಪ್ಪಳ ಹೋಯಿತು, ಕುಂಬಳೆಯೂ ಹೋಯಿತು. ಕಾಸರಗೋಡಿನಲ್ಲಿ ಯಾರೋ ಹೆಂಗಸು ಭುಜ ತಟ್ಟಿ ಎಬ್ಬಿಸಿದ್ದಾರೆ.

ನನಗೆ ಮೊದಲು ಬಂದದ್ದು ಹೆದರಿಕೆ, ಅದರ ಹಿಂದೆಯೇ ಸಿಟ್ಟು. "ಎಂತ ನಿದ್ದೆ ನಿನಗೆ? ಹೆಣ್ಣುಮಗಳು, ರೈಲಿನಲ್ಲಿ ಮೈಮರೆತು ಮಲಗುವುದಾ?" ಎಂದು ಫೋನಿನಲ್ಲೇ ಬೈದೆ. ಬಸ್ಸು ಹಿಡಿದು ಅವಳು ಮನೆ ಸೇರುವಾಗ 8 ಗಂಟೆ ದಾಟಿತ್ತು. ಬಟ್ಟೆ ಬದಲಿಸಿ, ಏನೂ ಮಾತಾಡದೆ ಅಡುಗೆಮನೆಗೆ ಬಂದು ಪಾತ್ರೆ ತೊಳೆಯಲು ನಿಂತಳು. ಸ್ವಲ್ಪ ಹೊತ್ತಿನ ಮೇಲೆ ತಿರುಗದೆಯೇ ಕೇಳಿದಳು: "ಉಮ್ಮಾ, ನಾನು ರಾತ್ರಿ ಎಷ್ಟು ಗಂಟೆಗೆ ಮಲಗುತ್ತೇನೆ ಅಂತ ನಿಮಗೆ ಗೊತ್ತುಂಟಾ?"

ನನಗೆ ಗೊತ್ತಿರಲಿಲ್ಲ. ಮಗ ಎಷ್ಟು ಗಂಟೆಗೆ ಮಲಗುತ್ತಾನೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಈ ಬರಹ ಹುಟ್ಟಿದ್ದು ಆ ಪ್ರಶ್ನೆಯಿಂದ.

ನನ್ನ ಇಬ್ಬರು ಮಕ್ಕಳೂ ಕಾಲೇಜಿಗೆ ಹೋಗುವವರು. ಮಗ ಇಂಜಿನಿಯರಿಂಗ್, ಮಗಳು ಬಿ.ಎಸ್ಸಿ. ಅವತ್ತು ರಾತ್ರಿ ಒಂದು ಕಾಗದದ ಮೇಲೆ ಇಬ್ಬರ ದಿನವನ್ನೂ ಬರೆದು ನೋಡಿದೆ. ಮಗಳು ಏಳುವುದು ಬೆಳಿಗ್ಗೆ 4.45ಕ್ಕೆ. ಸುಬಹಿ ನಮಾಝ್ ಮುಗಿಸಿ ನನ್ನ ಜೊತೆ ನೀರ್ದೋಸೆಯೋ ಪತ್ತಿರೋ ಮಾಡಬೇಕು, ಚಿಕ್ಕವನನ್ನು ಎಬ್ಬಿಸಿ ಮದ್ರಸಕ್ಕೆ ಹೊರಡಿಸಬೇಕು, ಬುತ್ತಿ ತುಂಬಿಸಬೇಕು, ರೈಲಿಗೆ ಓಡಬೇಕು. ಸಂಜೆ ಬಂದ ಮೇಲೆ ಮತ್ತೆ ಅಡುಗೆಮನೆ. ಎಲ್ಲರ ಊಟ ಮುಗಿದ ಮೇಲೆ ಲ್ಯಾಬ್ ರೆಕಾರ್ಡ್. ಮಲಗುವಾಗ 12 ಗಂಟೆ. ಅಂದರೆ ಐದು ಗಂಟೆಯೂ ತುಂಬದ ನಿದ್ದೆ, ವಾರಕ್ಕೆ ಆರು ದಿನ.

ಮಗನದ್ದು ಬೇರೆ ಲೆಕ್ಕ. ಅವನು 2 ಗಂಟೆಗೆ ಮಲಗಿ 7.15ಕ್ಕೆ ಏಳುತ್ತಿದ್ದ. ಅವನಿಗೂ ನಿದ್ದೆ ಸಾಲುತ್ತಿರಲಿಲ್ಲ. ಆದರೆ ಅವನ ನಿದ್ದೆಗೆ ಮನೆಯಿಡೀ ಕಾವಲಿತ್ತು. "ರಾತ್ರಿ ಓದಿ ಮಲಗಿದ್ದಾನೆ, ಗಲಾಟೆ ಮಾಡಬೇಡಿ" ಎಂದು ಚಿಕ್ಕವನ ಬಾಯಿ ಮುಚ್ಚಿಸುತ್ತಿದ್ದವಳು ನಾನೇ. ಭಾನುವಾರ 10 ಗಂಟೆಯವರೆಗೆ ಅವನ ಕೋಣೆಯ ಬಾಗಿಲು ಯಾರೂ ತಟ್ಟುತ್ತಿರಲಿಲ್ಲ. ರಾತ್ರಿ 2ರವರೆಗೆ ಅವನು ಎಷ್ಟು ಓದುತ್ತಿದ್ದ, ಎಷ್ಟು ಫೋನ್ ನೋಡುತ್ತಿದ್ದ ಎಂದು ನಾನು ಕೇಳಿದವಳಲ್ಲ. ಒಬ್ಬನ ನಿದ್ದೆಯನ್ನು ಫೋನ್ ತಿನ್ನುತ್ತಿತ್ತು, ಇನ್ನೊಬ್ಬಳದ್ದನ್ನು ನಾನು ತಿನ್ನುತ್ತಿದ್ದೆ.

ಇದು ನನ್ನ ಮನೆಯೊಂದರದ್ದೇ ಕತೆಯಲ್ಲ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ ಎಂದು ಕಂಡುಬಂತು. ಹುಡುಗಿ ಕಾಲೇಜಿಗೆ ಸೇರಿದಳೆಂದು ಈ ನಿಮಿಷಗಳು ಕರಗಿಹೋಗುವುದಿಲ್ಲ. ದಿನಕ್ಕೆ ಇರುವುದು 24 ಗಂಟೆಯೇ. ಕ್ಲಾಸಿನ ಹೊತ್ತು, ರೈಲಿನ ಹೊತ್ತು ಬಿಗಿಯಾಗಿ ನಿಂತಿವೆ. ಉಳಿದದ್ದೆಲ್ಲ ನಿದ್ದೆಯಿಂದಲೇ ಕಡಿತವಾಗಬೇಕು.

"ನಿದ್ದೆ ಕಡಿಮೆಯಾದರೆ ಎಂತ ಆಗುತ್ತದೆ, ನಾವೆಲ್ಲ ಓದಲಿಲ್ಲವಾ?" ಎಂದು ನಾನೂ ಹೇಳಿದವಳೇ. ಆಮೇಲೆ ಹುಡುಕಿ ಓದಿದಾಗ ಆ ಮಾತು ಎಷ್ಟು ಪೊಳ್ಳು ಎಂದು ತಿಳಿಯಿತು. 18ರಿಂದ 25ರ ಪ್ರಾಯದವರಿಗೆ ರಾತ್ರಿ 7ರಿಂದ 9 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ತಜ್ಞರು. ನಿದ್ದೆ ಎಂದರೆ ಓದು ನಿಂತ ಹೊತ್ತು ಎಂದು ನಾವು ತಿಳಿದಿದ್ದೇವೆ. ಹಾಗಲ್ಲ. ಹಗಲು ಓದಿದ್ದು ತಲೆಯಲ್ಲಿ ಗಟ್ಟಿಯಾಗಿ ಕೂರುವುದು ನಿದ್ದೆಯಲ್ಲಿ. 1924ರಷ್ಟು ಹಿಂದೆಯೇ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬವರು ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗಳ ಪಟ್ಟಿ ಬಾಯಿಪಾಠ ಮಾಡಿಸಿ ನೋಡಿದ್ದರು. ಕಲಿತ ಮೇಲೆ ಎಚ್ಚರವಾಗಿದ್ದಾಗ ಮರೆತುಹೋದದ್ದು ಹೆಚ್ಚು, ಮಲಗಿದಾಗ ಮರೆತದ್ದು ಕಡಿಮೆ.

ಪರೀಕ್ಷೆಯ ಹಿಂದಿನ ರಾತ್ರಿಯೊಂದು ಚೆನ್ನಾಗಿ ಮಲಗಿದರೆ ಸಾಕು ಎನ್ನುವವರೂ ಇದ್ದಾರೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎಂಐಟಿಯ ಸಂಶೋಧಕರು ರಸಾಯನಶಾಸ್ತ್ರದ ಒಂದು ತರಗತಿಯ ಸುಮಾರು ನೂರು ವಿದ್ಯಾರ್ಥಿಗಳ ಕೈಗೆ ಪಟ್ಟಿ ಕಟ್ಟಿ ಸೆಮಿಸ್ಟರ್ ಇಡೀ ಅವರ ನಿದ್ದೆ ಅಳೆದರು. ಹಿಂದಿನ ಒಂದು ರಾತ್ರಿಯ ನಿದ್ದೆಗೂ ಅಂಕಕ್ಕೂ ಸಂಬಂಧ ಕಾಣಲಿಲ್ಲ. ಪಾಠ ನಡೆಯುತ್ತಿದ್ದ ವಾರಗಳಲ್ಲಿ ಹೆಚ್ಚು ಹೊತ್ತು, ದಿನವೂ ಒಂದೇ ಸಮಯಕ್ಕೆ ಮಲಗಿದವರಿಗೆ ಅಂಕ ಹೆಚ್ಚು ಬಂದಿತ್ತು. ನಿದ್ದೆಯೂ ಅಟೆಂಡೆನ್ಸಿನ ಹಾಗೆ, ಕೊನೆಯ ದಿನ ಒಟ್ಟಿಗೆ ಹಾಕಲು ಆಗುವುದಿಲ್ಲ.

ನನ್ನನ್ನು ಹೆಚ್ಚು ಹೆದರಿಸಿದ್ದು ಇನ್ನೊಂದು ಸಂಗತಿ. 2003ರಲ್ಲಿ ಪ್ರಕಟವಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ, ಎರಡು ವಾರ ದಿನಕ್ಕೆ 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನಶಕ್ತಿ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರಷ್ಟು ಇಳಿದಿತ್ತು. ಆದರೆ ತಮಗೆ ಅಷ್ಟು ತೊಂದರೆಯಾಗಿದೆ ಎಂದು ಅವರಿಗೆ ಅನಿಸುತ್ತಲೇ ಇರಲಿಲ್ಲ. "ನನಗೆ ಅಭ್ಯಾಸ ಆಗಿದೆ ಉಮ್ಮಾ" ಎಂದು ಮಗಳು ಹೇಳುತ್ತಿದ್ದಳು. ಅಭ್ಯಾಸವಾದದ್ದು ನಿದ್ದೆಗೇಡಿಗಲ್ಲ, ಮಂಕಿಗೆ.

ನಮ್ಮ ಕಡೆಯ ರಾತ್ರಿ ಉದ್ದವಾಗಲು ನಮ್ಮವೇ ಕಾರಣಗಳೂ ಇವೆ. ಅರ್ಧ ಊರು ಗಲ್ಫಿನ ಗಡಿಯಾರದಲ್ಲಿ ನಡೆಯುತ್ತದೆ. ಸೌದಿಯಲ್ಲಿ ಕೆಲಸ ಮುಗಿಸಿ, ಊಟ ಮಾಡಿ, ಮಕ್ಕಳ ಉಪ್ಪ 9.30ಕ್ಕೆ ಕರೆ ಮಾಡಿದರೆ ಉಪ್ಪಳದಲ್ಲಿ ನಡುರಾತ್ರಿ 12. ಅವರ ಮುಖ ನೋಡಲು ಮಕ್ಕಳು ಕಾದು ಕೂರುತ್ತಾರೆ, ಬೇಡ ಎನ್ನಲು ಮನಸ್ಸಾಗುವುದಿಲ್ಲ. ಮದುವೆ ಸೀಸನ್ನಿನಲ್ಲಿ ಮೆಹಂದಿ ಎಂದು ಒಂದು ಗಂಟೆ, ಎರಡು ಗಂಟೆ. ನೆಂಟರು ಬಂದರೆ 11 ಗಂಟೆಗೆ ಮತ್ತೊಂದು ಸುತ್ತು ಸುಲೈಮಾನಿ. ಆ ಸುಲೈಮಾನಿಯ ಕೆಫೀನಿನಲ್ಲಿ ಸುಮಾರು ಅರ್ಧದಷ್ಟು ಬೆಳಗಿನ ಜಾವ 4 ಗಂಟೆಗೂ ಮೈಯಲ್ಲೇ ಇರುತ್ತದೆ.

ಇದಕ್ಕೆ ಎದುರು ಬರುವ ಮಾತುಗಳು ನನಗೆ ಗೊತ್ತು. "ಬೇಗ ಏಳುವುದರಲ್ಲಿ ಬರಕತ್ ಇದೆ" ಎನ್ನುತ್ತಾರೆ. ಸುಬಹಿಗೆ ಏಳಬಾರದು ಎಂದು ನಾನು ಹೇಳುತ್ತಲೇ ಇಲ್ಲ. ಆದರೆ ನಮ್ಮ ದೀನ್ ಬೇಗ ಏಳಲು ಮಾತ್ರ ಕಲಿಸಿದ್ದಲ್ಲ. ಇಶಾ ನಮಾಝಿನ ನಂತರ ಮಾತಿಗೆ ಕೂರುವುದು ಪ್ರವಾದಿಯವರಿಗೆ ಇಷ್ಟವಿರಲಿಲ್ಲ ಎಂಬ ಹದೀಸ್ ಬುಖಾರಿಯಲ್ಲಿದೆ. ಮಧ್ಯಾಹ್ನದ ಸಣ್ಣ ನಿದ್ದೆ ಖೈಲೂಲ ಸುನ್ನತ್ ಎಂದು ಮದ್ರಸದಲ್ಲೇ ಕಲಿತಿದ್ದೇವೆ. ಏಳುವ ಪಾಠ ಹಿಡಿದುಕೊಂಡು ಮಲಗುವ ಪಾಠ ಬಿಟ್ಟವರು ನಾವು.

"ನಾಳೆ ಗಂಡನ ಮನೆಗೆ ಹೋಗುವವಳು, ಕೆಲಸ ಕಲಿಯಬೇಡವಾ?" ಎನ್ನುವುದು ಎರಡನೆಯ ಮಾತು. ಕಲಿಯಲಿ. ಅವಳ ಅಣ್ಣನೂ ಕಲಿಯಲಿ. ದೋಸೆ ಹೊಯ್ಯಲು ಕಲಿಯಲು ಒಂದು ವಾರ ಸಾಕು, ಮೂರು ವರ್ಷದ ಡಿಗ್ರಿಯ ನಿದ್ದೆ ಬೇಡ. ನಮ್ಮ ಉಮ್ಮಂದಿರ ಕಾಲದಲ್ಲಿ ಹುಡುಗಿಯರು ಹೈಸ್ಕೂಲು ಮೆಟ್ಟಿಲು ಹತ್ತಿದರೇ ದೊಡ್ಡದು. ಇಂದು ಬೆಳಗಿನ ರೈಲುಗಳಲ್ಲಿ ನಮ್ಮ ಹುಡುಗಿಯರು ತುಂಬಿರುತ್ತಾರೆ, ಅದು ನಮ್ಮ ಹೆಮ್ಮೆ. ಅವರನ್ನು ಕಾಲೇಜಿಗೆ ಕಳಿಸಿ, ಓದಲು ಬೇಕಾದ ನಿದ್ದೆಯನ್ನು ಮನೆಯಲ್ಲೇ ಇಟ್ಟುಕೊಂಡರೆ ಕಳಿಸಿದ್ದು ಅರ್ಧ ಮಾತ್ರ.

ಕಾಲೇಜಿನವರಿಗೂ ಒಂದು ಮಾತಿದೆ. ಹದಿಹರೆಯದಿಂದ ಇಪ್ಪತ್ತರವರೆಗೆ ದೇಹದ ಗಡಿಯಾರವೇ ತಡವಾಗಿ ಓಡುತ್ತದೆ, 9 ಗಂಟೆಗೆ ಮಲಗು ಎಂದರೆ ನಿದ್ದೆ ಬರುವುದಿಲ್ಲ. ಇದನ್ನು ತಿಳಿದೇ ಕ್ಯಾಲಿಫೋರ್ನಿಯಾ ರಾಜ್ಯ 2022ರಿಂದ ಹೆಚ್ಚಿನ ಹೈಸ್ಕೂಲುಗಳು ಬೆಳಿಗ್ಗೆ 8.30ಕ್ಕೆ ಮೊದಲು ಶುರುವಾಗಬಾರದು ಎಂದು ಕಾನೂನು ಜಾರಿಗೆ ತಂದಿತು. ಇಲ್ಲಿ ಅಷ್ಟೆಲ್ಲ ಬೇಡ. ಗಡಿ ದಾಟಿ ಬರುವ ಮಕ್ಕಳಿಗೆ ಬೆಳಗಿನ ಸ್ಪೆಷಲ್ ಕ್ಲಾಸ್ ಇಡುವ ಮೊದಲು ಅವರ ರೈಲು ಎಷ್ಟು ಗಂಟೆಗೆ ಎಂದು ಒಮ್ಮೆ ಕೇಳಿ. ಮೊದಲ ಪೀರಿಯಡ್ಡಿನಲ್ಲಿ ತೂಕಡಿಸಿದವಳನ್ನು ನಿಲ್ಲಿಸುವ ಮೊದಲೂ ಕೇಳಿ.

ನಮ್ಮ ಮನೆಯಲ್ಲಿ ಆದ ಬದಲಾವಣೆ ದೊಡ್ಡದೇನಲ್ಲ. ಬೆಳಗಿನ ತಯಾರಿ ಸಂಜೆಯೇ ಮುಗಿಯುತ್ತದೆ. ಚಿಕ್ಕವನನ್ನು ಮದ್ರಸಕ್ಕೆ ಹೊರಡಿಸುವುದು, ರಾತ್ರಿಯ ಪಾತ್ರೆ ತೊಳೆಯುವುದು ಈಗ ಮಗನ ಕೆಲಸ. ಮೊದಲ ವಾರ ಅವನ ಮುಖ ನೋಡುವ ಹಾಗಿರಲಿಲ್ಲ. ಉಪ್ಪನ ಜೊತೆ ವೀಡಿಯೋ ಕಾಲ್ ಗುರುವಾರ ರಾತ್ರಿ, ಶುಕ್ರವಾರ ಅವರಿಗೆ ರಜೆ. ಉಳಿದ ದಿನ ವಾಯ್ಸ್ ಮೆಸೇಜ್. ಎಲ್ಲರ ಫೋನುಗಳೂ, ನನ್ನದೂ, 10.30ಕ್ಕೆ ಹಾಲಿನ ಕಪಾಟಿಗೆ. ಮಗಳಿಗೆ ಈಗ ಆರೂವರೆ ಗಂಟೆ ನಿದ್ದೆ ಸಿಗುತ್ತದೆ. ಇನ್ನೂ ಸಾಲದು. ಪರೀಕ್ಷೆಯಲ್ಲಿ ರ‍್ಯಾಂಕ್ ಬಂತು ಎಂದು ಬರೆಯಲು ನನ್ನ ಹತ್ತಿರ ಏನೂ ಇಲ್ಲ. ಆದರೆ ತಲೆನೋವಿನ ಮಾತ್ರೆ ಕೇಳುವುದು ನಿಂತಿದೆ, ಸಂಜೆ ಮನೆಗೆ ಬಂದವಳು ಕಾಲೇಜಿನ ಕತೆ ಹೇಳುತ್ತಾಳೆ. ರೈಲಿನಲ್ಲಿ ಈಗಲೂ ಕಣ್ಣು ಮುಚ್ಚುತ್ತಾಳಂತೆ, ಉಪ್ಪಳ ಬರುವಾಗ ತಾನಾಗಿ ಎಚ್ಚರವಾಗುತ್ತದಂತೆ.

ನೀವೂ ಇವತ್ತು ರಾತ್ರಿ ಒಂದು ಕಾಗದ ತೆಗೆದುಕೊಳ್ಳಿ. ಮಗನ ಹೆಸರು, ಮಗಳ ಹೆಸರು, ಎದುರಿಗೆ ಮಲಗಿದ ಗಂಟೆ, ಎದ್ದ ಗಂಟೆ ಬರೆಯಿರಿ. ಮಗಳದ್ದು ಗೊತ್ತಿಲ್ಲದಿದ್ದರೆ ಅವಳನ್ನೇ ಕೇಳಿ.