ನಾಯಿ ಒಯ್ಯೋ ಗಾಡಿಗೆ ಮೊದಲ ಹಾಸು ಹಾಕ್ರಿ



ಈ ಸಲ ಬೆಳಿ ಬಗ್ಗೆ ಅಲ್ಲ, ನಾಯಿ ಬಗ್ಗೆ ಬರೀತೀನಿ. ಮೊನ್ನೆ ಸಂತಿಗೆ ಹೋದಾಗ ಒಂದು ಟಾಟಾ ಏಸ್ ನೋಡಿದೆ. ಹಿಂದ ಎರಡು ಬ್ಯಾಟಿ ನಾಯಿ ಬರೀ ತಗಡಿನ ಮ್ಯಾಲೆ ನಿಂತಿದ್ವು. ಗಾಡಿ ತಿರುಗಿದಾಗೊಮ್ಮೆ ಕಾಲು ಒಂದೊಂದು ದಿಕ್ಕಿಗೆ ಜಾರ್ತಿದ್ವು. ಸರಪಳಿ ಗಿಡ್ಡ ಕಟ್ಟಿದ್ರು, ಮಲಗಾಕೂ ಬರಂಗಿಲ್ಲ. ಮಾಲಕನಿಗೆ ಹೇಳಿದ್ರ ನಕ್ಕ. "ನಾಯಿಗೆ ಗಾದಿ ಹಾಸೂದೇನ್ರಿ ಕಾಕಾ?" ಅಂದ.

ಗಾದಿ ಬ್ಯಾಡಪ್ಪ. ಆದರ ಕಾಲಿಗೆ ಹಿಡಿತ ಬೇಕು. ನಾನು ಇದನ್ನ ಕಳಕೊಂಡು ಕಲತಾಂವ.

ನಾಲ್ಕು ವರ್ಷದ ಹಿಂದ ನಮ್ಮ ಹೆಣ್ಣು ನಾಯಿಗೆ ರೇಬಿಸ್ ಲಸಿಕಿ ಹಾಕ್ಸಾಕ ಮುಧೋಳಕ್ಕ ಒಯ್ದಿದ್ದೆ. ಗಾಡಿ ನಡೆಸಿದಾಂವ ನಾನ. ಹಿಂದ ಎರಡು ಖಾಲಿ ಗೊಬ್ಬರದ ಚೀಲ ಹಾಸಿದ್ದೆ, ಅಷ್ಟ ಸಾಕು ಅನ್ಕೊಂಡಿದ್ದೆ. ಎಮ್ಮಿ ಅಡ್ಡ ಬಂತು, ಬ್ರೇಕ್ ಒತ್ತಿದೆ. ನಾಯಿ ಚೀಲದ ಸಮೇತ ಜಾರಿ ಮುಂದಿನ ತಗಡಿಗೆ ಬಡೀತು. ಮುಂಗಾಲಿನ ಎಲುಬು ಮುರೀತು. ಡಾಕ್ಟರು ಪಟ್ಟಿ ಕಟ್ಟಿದ್ರು, ಎಲುಬು ಕೂಡ್ತು, ಆದರ ಸೊಟ್ಟ ಕೂಡ್ತು. ಓಡಾಕಂತ ಹುಟ್ಟಿದ ನಾಯಿ ಅದು. ಈಗ ಹೊಲದಾಗ ಮೊಲ ಎದ್ರ ನಾಲ್ಕು ಹೆಜ್ಜಿ ಓಡಿ ನಿಂತು ನನ್ನ ಕಡೆ ನೋಡ್ತೈತಿ. ನಾನು ಬ್ಯಾರೆ ಕಡೆ ನೋಡ್ತೀನಿ.

ಮುಧೋಳ ನಾಯಿ ಅಂದ್ರ ನಮಗ ಭಾಳ ಹೆಮ್ಮಿ. 2005ರಾಗ ಅಂಚೆ ಚೀಟಿ ಮ್ಯಾಲೆ ಬಂತು, ಸೈನ್ಯದವರೂ ಒಯ್ದು ತರಬೇತಿ ಕೊಟ್ರು. ಚಲೋ ಮರಿ ತರಾಕ ಸಾವಿರಗಟ್ಟಲೆ ಕೊಡ್ತೀವಿ. ಅದ ನಾಯಿನ ದವಾಖಾನಿಗೋ ತಿಮ್ಮಾಪುರದ ಶ್ವಾನ ಕೇಂದ್ರಕ್ಕೋ ಒಯ್ಯುವಾಗ ಮೋಟರ್ ಪೈಪಿನಂಗ ಹಿಂದ ಹಾಕ್ತೀವಿ. ಈ ಜಾತಿಗೆ ಕಾಲು ಉದ್ದ, ಎಲುಬು ತೆಳು, ಮೈಮ್ಯಾಲೆ ಕೊಬ್ಬಿಲ್ಲ, ಕೂದಲಾ ಗಿಡ್ಡ. ಗಟ್ಟಿ ತಗಡಿನ ಮ್ಯಾಲೆ ಮಲಗಿ ಮಲಗಿ ಕೀಲಿನ ಹತ್ರ ಚರ್ಮ ಜಡ್ಡುಗಟ್ಟತೈತಿ. ಬ್ಯಾಸಗ್ಯಾಗ ತಗಡು ಕಾದ್ರ ಅಂಗಾಲು ಸುಡತಾವ. ಅದಕ್ಕ ನನ್ನ ಮಾತು ಇಷ್ಟ: ಗಾಡ್ಯಾಗ ನಾಯಿ ಹತ್ತಿಸೋದಕ್ಕಿಂತ ಮೊದಲ ಹಾಸು ಹತ್ತಬೇಕು.

ಯಾವ ಹಾಸು? ನಾನು ಹಾಕಿ ಕೆಟ್ಟದ್ದನ್ನ ಮೊದಲ ಹೇಳ್ತೀನಿ. ಗೊಬ್ಬರದ ಪ್ಲಾಸ್ಟಿಕ್ ಚೀಲ, ತಾಡಪತ್ರಿ ಎರಡೂ ಜಾರತಾವ. ಹಳೇ ಕೌದಿ ಹಾಸಿದ್ರ ಕೌದಿನ ಸರದು ಮೂಲಿಗೆ ಹೋಗಿ ಕೂಡ್ತೈತಿ. ಸ್ಪಂಜಿನ ಗಾದಿ ಮೆತ್ತಗ ಐತಿ, ಆದರ ಉಚ್ಚಿ ಹೀರತೈತಿ. ಎರಡು ಸಲ ಒಯ್ಯೂದ್ರಾಗ ನಾತ ಹಿಡೀತು, ಮೂರನೇ ಸಲಕ್ಕ ನಾಯಿನ ಹರದು ಹಾಕ್ತು.

ತಡದದ್ದು ರಬ್ಬರ್ ಬೆಲ್ಟು. ನಮ್ಮ ಭಾಗದಾಗ ಸಕ್ರಿ ಫ್ಯಾಕ್ಟರಿ ಭಾಳ ಅದಾವ, ಅಲ್ಲಿ ಕಬ್ಬಿನ ಸಿಪ್ಪಿ ಸಾಗಿಸೋ ಕನ್ವೇಯರ್ ಬೆಲ್ಟು ಸವದ ಮ್ಯಾಲೆ ಗುಜರಿಗೆ ಬರತೈತಿ. ಎರಡೂವರೆ ಅಡಿ ಅಗಲದ್ದು, 8 ಮಿ.ಮೀ. ದಪ್ಪದ್ದು ತಂದೆ. ಒಳಗ ನೂಲಿನ ಪದರ ಇರೋದನ್ನ ತಗೋರಿ. ಉಕ್ಕಿನ ತಂತಿ ಇರೋದು ಬ್ಯಾಡ, ಕೊಯ್ದಲ್ಲಿ ತಂತಿ ಎದ್ದು ಕಾಲಿಗೆ ಚುಚ್ಚತೈತಿ. ರಾಸಾಯನಿಕ ಸಾಗಿಸಿದ ಬೆಲ್ಟು ಅಗ್ಗ ಸಿಕ್ಕರೂ ಬಿಡ್ರಿ. ತಂದಿದ್ದನ್ನ ಸೋಪಿನ ನೀರಾಗ ತಿಕ್ಕಿ ತೊಳದು ನಾಲ್ಕು ದಿನ ಬಿಸಲಿಗೆ ಹಾಕಿದೆ.

ನನ್ನ ಗಾಡಿ ಡಬ್ಬಿ ಒಳಗ 7 ಅಡಿ ಉದ್ದ, 4 ಅಡಿ 8 ಇಂಚು ಅಗಲ. 7 ಅಡಿಯ ಎರಡು ಪಟ್ಟಿ ಉದ್ದಕ್ಕ ಹಾಸಿ, ಒಂದರ ಅಂಚಿನಾಗ 4 ಇಂಚು ಕೊಯ್ದೆ. ಕೊಯ್ಯುವಾಗ ಚೂರಿಗೆ ಸೋಪಿನ ನೀರು ಹಚ್ಚಿ ಒಂದ ಗೆರಿ ಮ್ಯಾಲೆ ನಾಲ್ಕೈದು ಸಲ ಎಳೀರಿ, ಸಲೀಸಾಗಿ ಬರತೈತಿ. ಗ್ರೈಂಡರ್ ಹಚ್ಚಿದ್ರ ಬರೀ ಹೊಗಿ. ಎರಡೂ ಪಟ್ಟಿ ಕೂಡೋ ಅಂಚಿಗೆ ಗೇಣಿಗೊಂದು ತೂತು ಹೊಡದು, ಹೊರಸು ಹೆಣದಂಗ ನೈಲಾನ್ ಹಗ್ಗ ಹೆಣದೆ. ಈಗ ಪುಸ್ತಕದಂಗ ಮಡಚಾಕ ಬರತೈತಿ. ಎರಡೂ ಪಟ್ಟಿ ಕೂಡಿ 30 ಕೆಜಿ ಮ್ಯಾಲ ಆಕ್ಕಾವ, ಎತ್ತಾಕ ಇಬ್ಬರು ಬೇಕು. ನಾಲ್ಕು ಮೂಲಿಗೆ ತೂತು ಹೊಡದು ಡಬ್ಬಿಯ ಕೊಂಡಿಗೆ ಬಿಗಿದೀನಿ. ಇದನ್ನ ಮರೀಬ್ಯಾಡ್ರಿ, ಕಟ್ಟದ ಹಾಸು ಹಾಸಲ್ಲ.

ಕರೇ ರಬ್ಬರ್ ಬಿಸಲಾಗ ತಗಡಿನಂಗ ಕಾಯತೈತಿ. ಅದಕ್ಕ ಮ್ಯಾಲೆ ಸಣಬಿನ ಗೋಣಿಚೀಲ ಎರಡು ಪದರ ಮಾಡಿ, ದಬ್ಬಣದಿಂದ ಸುತಳಿ ಹಾಕಿ ಹೊಲದು, ಅಂಚಿನಾಗ ಬೆಲ್ಟಿನ ತೂತಿಗೆ ಕಟ್ಟೀನಿ. ಉಗುರಿಗೆ ಹಿಡಿತ ಸಿಗತೈತಿ, ಬ್ಯಾಸಗ್ಯಾಗ ನೀರು ಚಿಮುಕಿಸಿದ್ರ ತಂಪು. ಹೊಲಸಾದ್ರ ಬಿಚ್ಚಿ ಕುದಿಯೋ ನೀರಾಗ ಅದ್ದಿ ಒಣಗಿಸ್ರಿ, ಉಣ್ಣಿ ಉಳಿಯಂಗಿಲ್ಲ. ಗೋಣಿ ವರ್ಷಕ್ಕೊಮ್ಮೆ ಹರೀತೈತಿ, ಬೆಲ್ಟಿಗೆ ಮೂರು ವರ್ಷ ಆತು, ಏನೂ ಆಗಿಲ್ಲ. ವಾರಕ್ಕೊಮ್ಮೆ ಹಾಸು ಎತ್ತಿ ಡಬ್ಬಿ ಒಣಗಿಸ್ರಿ, ಇಲ್ಲಾಂದ್ರ ಅಡಿಯಾಗ ತಗಡು ತುಕ್ಕು ತಿಂತೈತಿ.

ಎಲ್ಲಾಕಿಂತ ದೊಡ್ಡ ಮಾತು ಇನ್ನೊಂದೈತಿ. ಅದ ಡಬ್ಬ್ಯಾಗ ನಾವು ಗೊಬ್ಬರ, ಹೊಡಿಯೋ ಎಣ್ಣಿ ಎಲ್ಲಾ ತರ್ತೀವಿ. ಎಣ್ಣಿ ಸೋರಿದ ಜಾಗದಾಗ ನಾಯಿ ನಿಂತು ಆಮ್ಯಾಲೆ ಕಾಲು ನೆಕ್ಕಿದ್ರ ಹೊಟ್ಟಿಗೆ ಹೋಗೋದು ವಿಷ. ನಾಯಿ ಹಾಸಿನ ಮ್ಯಾಲೆ ಎಣ್ಣಿ ಡಬ್ಬಿ ಇಡಬ್ಯಾಡ್ರಿ. ನಾನು ಅಂಥಾ ದಿನ ಹಾಸು ತಗದು ಮನ್ಯಾಗ ಇಡ್ತೀನಿ, ಆಮ್ಯಾಲೆ ಡಬ್ಬಿ ತೊಳದ ಹಾಸ್ತೀನಿ.

ಹಾಸು ಐತಂತ ಗಾಡಿ ಓಡಸಬ್ಯಾಡ್ರಿ ಮತ್ತ. ಸರಪಳಿ ಕೊಳ್ಳಪಟ್ಟಿಗೆ ಬ್ಯಾಡ, ಎದಿಗೆ ಹಾಕೋ ಪಟ್ಟಿಗೆ ಕಟ್ರಿ. ಮಲಗಾಕ ಬರುವಷ್ಟು ಉದ್ದ ಇರಲಿ, ಡಬ್ಬಿ ಹಾರುವಷ್ಟು ಬ್ಯಾಡ. ಬ್ಯಾಸಗ್ಯಾಗ ಮುಂಜಾನೆ ತಂಪಿನಾಗ ಹೊರಡ್ರಿ, ಮ್ಯಾಲೆ ನೆರಳು ಕಟ್ರಿ.

ಖರ್ಚು ಏನಂತೀರಿ? ನನಗ ಹಗ್ಗ, ಸುತಳಿ ಎಲ್ಲಾ ಹಿಡದು ಸಾವಿರ ರೂಪಾಯಿ ಒಳಗ ಆತು, ಎರಡು ಮಧ್ಯಾಹ್ನದ ಕೆಲಸ. ಕಾಲು ಮುರದಾಗ ದವಾಖಾನಿಗೆ ಎಡತಾಕಿದ ಖರ್ಚು ಅದರ ಎಷ್ಟೋ ಪಟ್ಟು ಆಗಿತ್ತು, ಆದ್ರೂ ಕಾಲು ಮೊದಲಿನಂಗ ಆಗಲಿಲ್ಲ.

ಅಳತಿ ನೋಡಬೇಕಂದ್ರ ಮನಿಗೆ ಬರ್ರಿ, ಗಾಡಿ ಅಂಗಳದಾಗ ಇರತೈತಿ. ನಮ್ಮ ಕುಂಟ ನಾಯಿ ಆ ಹಾಸಿನ ಮ್ಯಾಲ ಮಲಗಿರತೈತಿ. ಗಾಡಿ ಎಲ್ಲಿಗೂ ಹೋಗದಿದ್ರೂ ಅದಕ್ಕ ಅದ ಜಾಗ ಸೇರೈತಿ.