ರೋಗವಿಲ್ಲವೆನ್ನುವವರ ಕೈ ಬಿಡದಿರೋಣ

ಮನೆಯ ಸದಸ್ಯರೊಬ್ಬರು ರಾತ್ರಿಯಿಡೀ ನಿದ್ರಿಸುವುದಿಲ್ಲ. ನೆರೆಹೊರೆಯವರೆಲ್ಲ ತನ್ನ ವಿರುದ್ಧ ಸಂಚು ಹೂಡಿದ್ದಾರೆಂದು ನಂಬುತ್ತಾರೆ. ವೈದ್ಯರ ಮಾತೆತ್ತಿದರೆ, ‘ನನಗೇನಾಗಿದೆ?’ ಎಂದು ಸಿಡಿಯುತ್ತಾರೆ. ಇದನ್ನು ಹಠವೆಂದೋ ಜಿನ್ನ್ ಬಾಧೆಯೆಂದೋ ತೀರ್ಮಾನಿಸುವವರು ನಮ್ಮ ಸಮುದಾಯದಲ್ಲಿ ಇಂದಿಗೂ ಇದ್ದಾರೆ. ಆದರೆ ಸ್ಕಿಜೋಫ್ರೇನಿಯಾದಂತಹ ಕಾಯಿಲೆಗಳಲ್ಲಿ ತನ್ನ ರೋಗವನ್ನು ತಾನೇ ಅರಿಯಲಾಗದಿರುವುದು ಅನೇಕ ವೇಳೆ ರೋಗದ್ದೇ ಲಕ್ಷಣ. ಅವರು ಸುಳ್ಳಾಡುತ್ತಿಲ್ಲ, ಆದ್ದರಿಂದಲೇ ವಾದದಿಂದ ಅವರನ್ನು ಒಪ್ಪಿಸಲಾಗದು.

ಒಪ್ಪದವರನ್ನು ಕಟ್ಟಿಹಾಕುವುದರ ಪರಿಣಾಮವನ್ನು ದೇಶವು ಕಂಡಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸುಪಾಸಿನಲ್ಲಿದ್ದ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಂಧಿತರಾಗಿದ್ದವರು ಓಡಲಾಗದೆ ಸುಟ್ಟುಹೋದರು. 28 ಮಂದಿ ಪ್ರಾಣ ತೆತ್ತರು. ಅವರನ್ನು ಅಲ್ಲಿ ಬಿಟ್ಟುಬಂದವರು ಶತ್ರುಗಳಲ್ಲ, ಗುಣವಾಗಲೆಂದು ಹಾರೈಸಿದ ಬಂಧುಗಳೇ ಎಂಬುದು ನಮ್ಮನ್ನು ಕಾಡಬೇಕು.

ಪ್ರತಿ ರೋಗಕ್ಕೂ ಅಲ್ಲಾಹನು ಔಷಧವನ್ನಿರಿಸಿದ್ದಾನೆಂದು ಪ್ರವಾದಿವರ್ಯರು(ಸ) ಕಲಿಸಿದರು. 1284ರಲ್ಲಿ ಕೈರೋದಲ್ಲಿ ಸ್ಥಾಪನೆಯಾದ ಮನ್ಸೂರಿ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಪ್ರತ್ಯೇಕ ವಿಭಾಗವಿತ್ತು. ದುಆ ಚಿಕಿತ್ಸೆಗೆ ಬದಲಿಯಲ್ಲ, ಅದರ ಜೊತೆಗಾರ.

ಹಾಗಾದರೆ ಮಾಡಬೇಕಾದುದೇನು? ಮೊದಲು ಕೇಳಿಸಿಕೊಳ್ಳಬೇಕು. ಅವರ ಭ್ರಮೆಯನ್ನು ಅನುಮೋದಿಸಬೇಕಿಲ್ಲ, ಅಪಹಾಸ್ಯವನ್ನೂ ಮಾಡಬಾರದು. ಅವರ ಭಯ ಮಾತ್ರ ನಿಜವೆಂದು ಒಪ್ಪಬೇಕು. ‘ನಿನಗೆ ಹುಚ್ಚು’ ಎನ್ನುವ ಬದಲು, ‘ನಿದ್ರೆ ಬರುತ್ತಿಲ್ಲವಲ್ಲ, ಅದಕ್ಕಾದರೂ ವೈದ್ಯರನ್ನು ಕಾಣೋಣ’ ಎಂದರೆ ಬಾಗಿಲು ತೆರೆಯಬಹುದು. ಊಟದಲ್ಲಿ ಗುಟ್ಟಾಗಿ ಮಾತ್ರೆ ಬೆರೆಸುವುದು ಸಲ್ಲದು. ಗುಟ್ಟು ಬಯಲಾದ ದಿನ ಸಂಚಿನ ಶಂಕೆಗೆ ನಾವೇ ಸಾಕ್ಷಿ ಒದಗಿಸಿದಂತಾಗುತ್ತದೆ.

ಜೀವಕ್ಕೆ ಅಪಾಯವೊದಗಿದಾಗ ಕಾನೂನಿನ ದಾರಿಯಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಸರಪಳಿಯನ್ನು ನಿಷೇಧಿಸಿದೆ. ತನಗಾಗಲಿ ಇತರರಿಗಾಗಲಿ ಹಾನಿಯ ಸಂಭವವಿದ್ದಲ್ಲಿ, ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿಯ ಮೇರೆಗೆ, ತಜ್ಞರ ಪರೀಕ್ಷೆಯ ಬಳಿಕ, ಮೊದಲ ಹಂತದಲ್ಲಿ 30 ದಿನಗಳವರೆಗೆ ದಾಖಲಿಸಿಕೊಳ್ಳಲು ಅದು ಅವಕಾಶ ನೀಡುತ್ತದೆ.

ಹೊಸದುರ್ಗ ತಾಲೂಕಿನ ಮಾಡದಕೆರೆಯಂತಹ ಊರುಗಳಿಂದ ಬೆಂಗಳೂರಿನ ನಿಮ್ಹಾನ್ಸ್ ದೂರವೇ ಸರಿ. ಆದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ರೋಗಿ ಒಪ್ಪದಿದ್ದರೂ ಮನೆಯವರು ಸಲಹೆ ಪಡೆಯಲು ಅಡ್ಡಿಯಿಲ್ಲ. ನಮ್ಮ ಖತೀಬರು ಒಂದು ಜುಮಾದಲ್ಲಾದರೂ ಈ ವಿಷಯವನ್ನೆತ್ತಲಿ. ಜಮಾಅತ್ ಸಮಿತಿಗಳು ಇಂತಹ ಮನೆಗಳ ಪ್ರಯಾಣದ ವೆಚ್ಚವನ್ನು ಭರಿಸಲಿ. ಮಗಳ ಮದುವೆಗೆ ಅಡ್ಡಿಯಾದೀತೆಂದು ರೋಗವನ್ನು ಬಚ್ಚಿಡುವ ಕುಟುಂಬಕ್ಕೆ ಉಪದೇಶಕ್ಕಿಂತ ಮೊದಲು ಬೇಕಾದುದು, ಆಡಿಕೊಳ್ಳದ ಸಮಾಜ.